ನೀರು ಯಾರಿಗೆ ಕಾಯ್ತಾ ಇದೆ?

ಚಪ್ಪಲಿ ನೋಡಿ ಹೊಟ್ಟೆ ಉರಿದುಕೊಳ್ಳುವ ಮನುಷ್ಯನನ್ನು ನೀವು ಕಂಡಿರಲಿಕ್ಕಿಲ್ಲ. ಕಾಣುವ ಆಸೆಯಿದ್ದರೆ ವಡೋದರಾಕ್ಕೆ ಬನ್ನಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಗೆ ಹತ್ತಿ. ಲಿಫ್ಟ್ ಸಾಮಾನ್ಯವಾಗಿ ಕೆಟ್ಟಿರುತ್ತದೆ, ಆದ್ದರಿಂದ ಹತ್ತಿಯೇ ಬರಬೇಕು. ಅಲ್ಲಿ ಹೆಗಲಿಗೆ ಬ್ಯಾಗು ನೇತುಹಾಕಿಕೊಂಡು, ಕೈಯಲ್ಲಿ ತನ್ನ ಮನೆಯ ಬೀಗದ ಕೈ ಹಿಡಿದುಕೊಂಡು, ಪಕ್ಕದ ಮನೆಯ ಹೊಸ್ತಿಲ ಮುಂದಿರುವ ನೀಲಿ ಪಟ್ಟಿಯ ಚಪ್ಪಲಿಗಳನ್ನು ದುರುಗುಟ್ಟಿ ನೋಡುತ್ತ ಒಬ್ಬ ನಿಂತಿರುತ್ತಾನೆ. ಅವನೇ ನಾನು. ಚಪ್ಪಲಿ ನನ್ನ ಮಗಳದ್ದು. ತಂದುಕೊಟ್ಟವನೂ ನಾನೇ. ಅವನ್ನು ಬಿಟ್ಟಿರುವ ಬಾಗಿಲು ಮಾತ್ರ ನನ್ನದಲ್ಲ.

ಆ ಬಾಗಿಲು ಹಂಸಾಬೆನ್ ಅವರದು. ಇಲ್ಲೇ ಗೋರ್ವಾ ಬಡಾವಣೆಯಲ್ಲಿ ಅವರದೊಂದು ಸಣ್ಣ ಕಾರ್ಖಾನೆ ಇದೆ. ಗೀಸರು, ಇಸ್ತ್ರಿಪೆಟ್ಟಿಗೆ, ಬಕೆಟ್ಟಿಗೆ ಇಳಿಬಿಡುವ ಕಾಯಿಲ್ಲು, ಇವುಗಳ ಒಳಗೆ ಕುಳಿತು ಬಿಸಿಯಾಗುತ್ತದಲ್ಲ, ಆ ತಂತಿಯ ಸುರುಳಿಗಳನ್ನು ಅಲ್ಲಿ ಮಾಡಿಸುತ್ತಾರೆ. ಇದೇ ಊರಿನಲ್ಲಿ ಎಂಜಿನಿಯರಿಂಗ್ ಓದಿದವರು. ದನಿ ದೊಡ್ಡದು, ನಗು ಅದಕ್ಕಿಂತ ದೊಡ್ಡದು, ಅಡುಗೆ ಮಾಡಿದರೆ ಅರ್ಧ ನಮ್ಮ ಮನೆಗೇ ಬರುತ್ತದೆ. ಅವರ ಮೇಲೆ ಒಂದು ಕೆಟ್ಟ ಮಾತಾಡೋಣವೆಂದು ನಾನೂ ಬಹಳ ಹುಡುಕಿದ್ದೇನೆ, ಏನೂ ಸಿಕ್ಕಿಲ್ಲ. ಹೊಟ್ಟೆಕಿಚ್ಚು ಪಡುವವನಿಗೆ ಒಳ್ಳೆಯ ನೆರೆಯವರು ಸಿಗುವುದಕ್ಕಿಂತ ದೊಡ್ಡ ಅನ್ಯಾಯ ಬೇರೆ ಇಲ್ಲ.

ಈ ಹೊಟ್ಟೆಕಿಚ್ಚು ಅನ್ನುವ ಮಾತನ್ನೇ ನೋಡಿ. ಗುಜರಾತಿಯಲ್ಲಿ ಇದಕ್ಕೆ ‘ಅದೇಖಾಈ’ ಅನ್ನುತ್ತಾರೆ. ಅಂದರೆ ನೋಡಲಾರದಿರುವುದು, ಇನ್ನೊಬ್ಬರ ಚೆಂದ ಕಣ್ಣಿಗೆ ಸೇರದಿರುವುದು. ಅವರದು ಕಣ್ಣಿನ ಕಾಯಿಲೆ, ಬೇಕಾದರೆ ಕಣ್ಣು ಮುಚ್ಚಿಕೊಂಡು ಪಾರಾಗಬಹುದು. ನಮ್ಮ ಹಿರಿಯರು ಅಷ್ಟು ಸುಲಭಕ್ಕೆ ಬಿಡುವವರಲ್ಲ. ಸೀದಾ ಹೊಟ್ಟೆಗೆ ಕಿಚ್ಚಿಟ್ಟರು. ಕಣ್ಣು ಮುಚ್ಚಿದರೂ ಉರಿಯುತ್ತದೆ, ಊಟ ಮಾಡಿದರೂ ಉರಿಯುತ್ತದೆ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿ, ಆಮೇಲೆ ಬ್ಯಾಂಕಿಗೆ ಸೇರಿ ಅದನ್ನೆಲ್ಲ ಮರೆತ ನನ್ನಂಥವನಿಗೂ ಇದರಲ್ಲಿ ಒಂದು ವಿಜ್ಞಾನ ಕಾಣುತ್ತದೆ. ಕರೆಂಟು ತಾನಾಗಿ ಬಿಸಿಯಲ್ಲ. ಹರಿಯಲು ಹೊರಟಾಗ ತಂತಿ ಅಡ್ಡ ಬಂದರೆ, ಆ ಅಡ್ಡಿಯ ಜಾಗದಲ್ಲೇ ಕಾವು ಹುಟ್ಟುತ್ತದೆ. ಪಕ್ಕದ ಮನೆಯ ಸಂತೋಷವೂ ಹಾಗೆಯೇ. ತಾಮ್ರದಂಥ ಮನುಷ್ಯರು “ಅಯ್ಯೋ, ಒಳ್ಳೇದಾಯ್ತು ಬಿಡಿ” ಎಂದು ಅದನ್ನು ಸಲೀಸಾಗಿ ಮುಂದಕ್ಕೆ ದಾಟಿಸಿ ತಾವು ತಣ್ಣಗಿರುತ್ತಾರೆ. ನಾನು ತಾಮ್ರವಲ್ಲ. ನಾನು ಹಂಸಾಬೆನ್ ಅವರ ಕಾರ್ಖಾನೆಯಲ್ಲಿ ಸುತ್ತುವ ನಿಕ್ರೋಮ್ ತಂತಿ. ಸ್ವಿಚ್ಚು ಒತ್ತಿದರೆ ಸಾಕು, ಕೆಂಪಗಾಗುತ್ತೇನೆ.

“ಏನ್ರೀ, ಸುಟ್ಟ ವಾಸನೆ ಬರ್ತಾ ಇದೆ? ಯಾವುದಕ್ಕೂ ಒಂದ್ಸಲ ಫ್ಯೂಸ್ ನೋಡ್ಕೊಳ್ಳಿ” ಎಂದು ಸಂಜೆ ನಾನು ಒಳಗೆ ಬರುತ್ತಲೇ ವಿಮಲಾ ಕೇಳುತ್ತಾಳೆ. ವಿಮಲಾ ನನ್ನ ಹೆಂಡತಿ. ತುಮಕೂರಿನವಳು, ನಾನು ಅರಸೀಕೆರೆಯವನು. ಇಪ್ಪತ್ತು ವರ್ಷದ ಸಂಸಾರದಲ್ಲಿ ನನ್ನ ತಾಪಮಾನವನ್ನು ಬಾಗಿಲ ಸದ್ದಿನಿಂದಲೇ ಅಳೆಯಲು ಕಲಿತಿದ್ದಾಳೆ.

ಬ್ಯಾಂಕು ನನ್ನನ್ನು ಮೊದಲು ಗುಜರಾತಿಗೆ ತಂದು ಹಾಕಿದ್ದು ಸೂರತ್‌ನ ವರಾಛಾ ಶಾಖೆಗೆ. ಸುತ್ತ ವಜ್ರ ಉಜ್ಜುವ ಕಾರ್ಖಾನೆಗಳು. ಅಲ್ಲೊಬ್ಬರು ಗ್ರಾಹಕರು ನನಗೆ ವಜ್ರದ ಮೇಲೆ ಉಸಿರು ಬಿಡಲು ಹೇಳಿಕೊಟ್ಟಿದ್ದರು. ಗಾಜಾದರೆ ಮಂಜು ಕಟ್ಟಿ ನಿಲ್ಲುತ್ತದೆ, ನಿಜವಾದ ವಜ್ರವಾದರೆ ಚಣದಲ್ಲಿ ಮಾಯ. ಏಕೆಂದರೆ ವಜ್ರದಲ್ಲಿ ಕರೆಂಟು ಹರಿಯುವುದಿಲ್ಲ, ಆದರೆ ಶಾಖ ಬಿರ್ರನೆ ಹರಿದುಹೋಗುತ್ತದೆ. ಬಿಸಿಯನ್ನು ಅದು ಇಟ್ಟುಕೊಳ್ಳುವುದೇ ಇಲ್ಲ. ಎಂಥ ಗುಣ ನೋಡಿ! ನನ್ನ ಮೇಲೆ ಯಾರಾದರೂ ಉಸಿರು ಬಿಟ್ಟರೆ ಆ ಮಂಜು ಮೂರು ದಿನ ಇರುತ್ತದೆ. ವಜ್ರ ದುಬಾರಿಯಾದದ್ದು ಹೊಳಪಿಗೆ ಅಂತ ಜನ ತಿಳಿದಿದ್ದಾರೆ, ನನಗೇನೋ ಈ ಸ್ವಭಾವಕ್ಕೇ ಅಷ್ಟು ಬೆಲೆ ಕೊಡಬೇಕು ಅನ್ನಿಸುತ್ತದೆ.

ಸೂರತ್‌ನಿಂದ ಅಹಮದಾಬಾದು, ಅಲ್ಲಿಂದ ಈ ವಡೋದರಾದ ಅಲ್ಕಾಪುರಿ ಶಾಖೆ. ಒಬ್ಬಳೇ ಮಗಳು ಚಿತ್ರಾ ಈ ಮೂರು ಊರುಗಳ ನಡುವೆಯೇ ಬೆಳೆದಳು. ಸ್ನೇಹಿತರ ಜೊತೆ ಗುಜರಾತಿ, ಶಾಲೆಯಲ್ಲಿ ಇಂಗ್ಲಿಷು, ಆಟೋದವರ ಹತ್ತಿರ ಹಿಂದಿ. ಕನ್ನಡಕ್ಕೆ ಉಳಿದದ್ದು ನಾವಿಬ್ಬರು. ಅವಳಿಗೆ ನಾಲ್ಕೋ ಐದೋ ವರ್ಷ ಇದ್ದಾಗ ಒಂದು ಚಳಿಗಾಲದ ಬೆಳಿಗ್ಗೆ, ಬಕೆಟ್ಟಿಗೆ ಕಾಯಿಲ್ಲು ಹಾಕಿಟ್ಟು, “ಬೇಗ ಏಳು ಪುಟ್ಟಿ, ನೀರು ಕಾಯ್ತಾ ಇದೆ” ಎಂದೆ. ಅವಳು ರಗ್ಗಿನೊಳಗಿಂದ ತಲೆ ಹೊರಗೆ ಹಾಕಿ, “ಯಾರಿಗೆ?” ಎಂದಳು.

ನಾವು ನಕ್ಕಿದ್ದೇ ನಕ್ಕಿದ್ದು. ಆಮೇಲೆ ಯೋಚಿಸಿದರೆ ಮಗುವಿನದೇನು ತಪ್ಪು? ನೀರು ಕಾಯುತ್ತದೆ ಅಂದರೆ ಬಿಸಿಯಾಗುತ್ತದೆ. ಅಮ್ಮ ಶಾಲೆಯ ಗೇಟಿನಲ್ಲಿ ಕಾಯುತ್ತಾಳೆ ಅಂದರೆ ದಾರಿ ನೋಡುತ್ತಾಳೆ. ವಾಚ್‌ಮನ್ನು ಕಟ್ಟಡ ಕಾಯುತ್ತಾನೆ ಅಂದರೆ ಕಾವಲಿರುತ್ತಾನೆ. ಮೂರಕ್ಕೂ ಒಂದೇ ಮಾತು. ಯಾವ ಪುಣ್ಯಾತ್ಮ ಈ ಮೂರನ್ನು ಒಂದೇ ಗಂಟಿಗೆ ಕಟ್ಟಿದನೋ ಗೊತ್ತಿಲ್ಲ, ಹೆಣ್ಣುಮಗಳೊಬ್ಬಳ ಅಪ್ಪನೇ ಇರಬೇಕು. ಅಂದಿನಿಂದ ನಮ್ಮ ಮನೆಯಲ್ಲಿ ‘ನೀರು ಕಾಯ್ತಾ ಇದೆ’ ಎಂದರೆ ‘ಯಾರಿಗೆ’ ಎಂದು ಕೇಳಲೇಬೇಕು. ಅದು ನಮ್ಮ ಮೂವರ ನಡುವಿನ ಕಟ್ಟಳೆಯಾಯಿತು.

ದೊಡ್ಡವಳಾದಂತೆ ಕಟ್ಟಳೆ ಸವೆಯಿತು. ಗೀಸರು ಬಂತು, ನೀರು ಯಾರಿಗೂ ಕಾಯದೆ ತಾನೇ ಬಿಸಿಯಾಗತೊಡಗಿತು. ಈಗ ಅವಳು ಹತ್ತನೇ ತರಗತಿ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಬರುತ್ತದೆ, ಅದೂ ಮೊಬೈಲಿನಿಂದ ತಲೆ ಎತ್ತದೆ. ಒಂದೇ ಒಂದು ಹೊತ್ತು ಮಾತ್ರ ಉಳಿದಿತ್ತು. ಸಂಜೆ ನಾನು ಅವಳಿಗೆ ವಿಜ್ಞಾನ ಹೇಳಿಕೊಡುವ ಹೊತ್ತು. ನಾನು ಓದಿದ್ದು ಕನ್ನಡ ಮಾಧ್ಯಮ. ಮೋಟು ಪೆನ್ಸಿಲು ಹಿಡಿದು ‘ರೋಧ’, ‘ವಾಹಕ’, ವೋಲ್ಟೇಜಿಗೆ ‘ವಿಭವಾಂತರ’ ಎಂದು ನಾನು ಶುರುಮಾಡಿದರೆ, “ವಿಭವಾಂತರನಾ? ಯಾವುದೋ ರಾಕ್ಷಸನ ಹೆಸರಿದ್ದ ಹಾಗಿದೆ ಅಪ್ಪ” ಎಂದು ಅವಳು ನಗುತ್ತಿದ್ದಳು. ನಗಲಿ. ನಗುತ್ತಿದ್ದದ್ದು ಕನ್ನಡದಲ್ಲಿ ತಾನೇ? ಆ ಒಂದು ಗಂಟೆ ನನ್ನ ಮಗಳು ನನ್ನವಳಾಗಿರುತ್ತಿದ್ದಳು. ಅದು ಹೋದರೆ ನಮ್ಮಿಬ್ಬರ ಮಧ್ಯೆ ‘ಊಟ ಆಯ್ತಾ’ ಬಿಟ್ಟರೆ ಮಾತೇ ಉಳಿಯುವುದಿಲ್ಲವಲ್ಲ ಎಂಬ ಭಯ ಒಳಗೊಳಗೇ ಇತ್ತು.

ಅದು ಹೋಯಿತು. ಹೋದದ್ದು ವಿದ್ಯುತ್ತಿನ ಪಾಠದಲ್ಲಿ.

ಸ್ವಿಚ್ಚು ಹಾಕಿದ ಕೂಡಲೇ ದೀಪ ಹತ್ತುತ್ತದೆ, ಆದರೆ ತಂತಿಯೊಳಗೆ ಎಲೆಕ್ಟ್ರಾನುಗಳು ಬಸವನಹುಳುವಿಗಿಂತ ನಿಧಾನ ಹರಿಯುತ್ತವೆ ಎಂದು ಪುಸ್ತಕ ಹೇಳುತ್ತದಲ್ಲ, ಅದು ಹೇಗೆ ಎಂದು ಚಿತ್ರಾ ಕೇಳಿದಳು. ನಾನು ಕಾಲುವೆಯ ನೀರು ಎಂದೆ, ತೂಬು ಎಂದೆ. ತೂಬು ಅಂದರೇನು ಎಂದಳು. ತೂಬು ವಿವರಿಸುವುದರಲ್ಲಿ ಕರೆಂಟು ಹೋಗಿಬಿಟ್ಟಿತು, ಪಾಠದ್ದು. ಅವಳು ಉಪ್ಪಿನಕಾಯಿ ಬಟ್ಟಲು ವಾಪಸು ಕೊಡಲು ಪಕ್ಕದ ಮನೆಗೆ ಹೋದವಳು ಕಣ್ಣರಳಿಸಿಕೊಂಡು ಬಂದಳು. ಹಂಸಾಬೆನ್ ಹೇಳಿದರಂತೆ: ಗರಬಾ ನೆನಪಿಸಿಕೋ. ದೊಡ್ಡ ಮೈದಾನ, ಸಾವಿರಾರು ಜನ ಸುತ್ತುಗಟ್ಟಿ ನಿಂತಿದ್ದಾರೆ. ಹಾಡು ಶುರುವಾದ ತಕ್ಷಣ ಈ ತುದಿಯವರೂ ಆ ತುದಿಯವರೂ ಒಟ್ಟಿಗೆ ಹೆಜ್ಜೆ ಹಾಕುತ್ತಾರೆ. ಆದರೆ ಒಬ್ಬೊಬ್ಬರೂ ಪೂರಾ ಒಂದು ಸುತ್ತು ಬರಲು ಎಷ್ಟು ಹೊತ್ತು ಬೇಕು! ಜನ ನಿಧಾನ, ಕುಣಿತ ತಕ್ಷಣ. ಸುತ್ತು ಎಲ್ಲೋ ಒಂದು ಕಡೆ ಕಡಿದರೆ ಎಲ್ಲರೂ ನಿಂತರು. ಒಂದು ಕಡೆ ದಾರಿ ಇಕ್ಕಟ್ಟಾದರೆ ಅಲ್ಲಿ ಮೈಗೆ ಮೈ ತಗಲಿ ಬೆವರು. ಅದೇ ರೆಸಿಸ್ಟೆನ್ಸು, ಅದೇ ಹೀಟು.

ಸತ್ಯ ಹೇಳುತ್ತೇನೆ, ಆ ಹೋಲಿಕೆ ಕೇಳಿ ನನಗೆ ಉರಿದುಹೋಯಿತು. ಅಷ್ಟು ಚೆನ್ನಾಗಿತ್ತು. ನವರಾತ್ರಿಯಲ್ಲಿ ಮೈದಾನದಂಚಿನ ಕುರ್ಚಿಯಲ್ಲಿ ಕಡಲೆಕಾಯಿ ತಿನ್ನುತ್ತ ನಾನೂ ಅದೇ ಸುತ್ತನ್ನು ವರ್ಷ ವರ್ಷ ನೋಡಿದ್ದೇನೆ. ನನಗೆ ಏಕೆ ಹೊಳೆಯಲಿಲ್ಲ? “ಎಲೆಕ್ಟ್ರಾನಿಗೆ ಗರಬಾ ಆಡ್ಸಿದ್ರೆ ಸರಿಯಾಯ್ತಾ?” ಎಂದು ಗೊಣಗಿದೆ. ಸರಿಯಾಗಿಯೇ ಇತ್ತು. ಮರುದಿನದಿಂದ ನೀಲಿ ಪಟ್ಟಿಯ ಚಪ್ಪಲಿ ಆ ಬಾಗಿಲ ಮುಂದೆ ಕಾಣಿಸಿಕೊಂಡಿತು.

ಇಲ್ಲಿ ಒಂದು ವ್ಯಾಕರಣದ ಮಾತು ಹೇಳಬೇಕು, ಬೇಸರಪಡಬೇಡಿ. ನಾವು ಈ ಮನೆಗೆ ಬಂದ ದಿನ ಹಂಸಾಬೆನ್ ಗಂಡನೊಡನೆ ಬಾಗಿಲಿಗೆ ಬಂದರು. ಅಲ್ಲಿಯವರೆಗೆ ಹಿಂದಿಯಲ್ಲೇ ಕಾಲ ಹಾಕಿದ್ದರಿಂದ ನನ್ನ ಗುಜರಾತಿ ಆಗಲೂ ಹೊಸ ಬೂಟಿನಂತೆ ಕಚ್ಚುತ್ತಿತ್ತು, ಆದರೂ ಹಾಕಿಕೊಂಡು ನಡೆಯುವ ಹುಮ್ಮಸ್ಸು. ನಮ್ಮ ಕಡೆ ಹೆಂಡತಿಯನ್ನು ‘ನಮ್ಮ ಮನೆಯವರು’ ಅನ್ನುತ್ತೇವಲ್ಲ, ಅದನ್ನೇ ತಿರುಗಿಸಿ, ವಿಮಲಳ ಕಡೆ ಕೈ ತೋರಿಸಿ, “ಆ ಆಪಣೀ ಘರ್‌ವಾಳಿ ಛೇ” ಎಂದೆ. ಗಂಡಹೆಂಡತಿ ಮುಖ ಮುಖ ನೋಡಿಕೊಂಡರು. ಹಂಸಾಬೆನ್ ಗಂಡನನ್ನು ಒಮ್ಮೆ, ವಿಮಲಳನ್ನು ಒಮ್ಮೆ ನೋಡಿ, “ಇವತ್ತು ಬಂದಿದ್ದೀರಿ, ಇವತ್ತೇ ಪಾರ್ಟ್‌ನರ್‌ಶಿಪ್ಪಾ?” ಎಂದು ಹಿಂದಿಯಲ್ಲಿ ಕೇಳಿ, ಗೋಡೆ ಅದುರುವಂತೆ ನಕ್ಕರು.

ಆಮೇಲೆ ಅವರೇ ತಿಳಿಸಿದರು. ಗುಜರಾತಿಗೆ ‘ನಮ್ಮ’ ಎರಡಿವೆ. ಕೇಳುತ್ತಿರುವ ನೀವೂ ಸೇರಿದ ನಮ್ಮದು ‘ಆಪಣು’. ನಿಮ್ಮನ್ನು ಬಿಟ್ಟು ಬರೀ ನಮ್ಮದು ‘ಅಮಾರು’. ನಾನು ‘ಅಮಾರಿ’ ಅನ್ನಬೇಕಾದಲ್ಲಿ ‘ಆಪಣೀ’ ಎಂದು, ವಿಮಲಳನ್ನು ಅವರ ಯಜಮಾನರಿಗೂ ಪಾಲು ಮಾಡಿಬಿಟ್ಟಿದ್ದೆ. ಕನ್ನಡದ ‘ನಮ್ಮ’ ಮಹಾ ಉದಾರಿ. ನಮ್ಮ ಊರು, ನಮ್ಮ ಬಸ್ಸು, ನಮ್ಮ ಮನೆಯವರು, ಯಾರು ಒಳಗೆ, ಯಾರು ಹೊರಗೆ ಅಂತ ಕೇಳುವುದೇ ಇಲ್ಲ. ವ್ಯಾಪಾರದವರ ಭಾಷೆ ಲೆಕ್ಕ ಇಟ್ಟುಕೊಂಡಿದೆ. ಅಂದು ನಾನೂ ನಕ್ಕೆ. ಈ ಎರಡು ಪದಗಳು ಮುಂದೊಂದು ದಿನ ನನ್ನ ಹೊಟ್ಟೆಗೇ ಕೊಳ್ಳಿ ಇಡುತ್ತವೆಂದು ಆಗ ಗೊತ್ತಿರಲಿಲ್ಲ.

ಒಂದು ಸಂಜೆ ಬೀಗದ ಕೈ ಹುಡುಕುತ್ತ ನಿಂತಿದ್ದಾಗ ಪಕ್ಕದ ಮನೆಯೊಳಗಿಂದ ಮಗಳ ದನಿ ಕೇಳಿತು. “ಮಾಸೀ, ಆಪಣಾ ಘರ್‌ಮಾಂ ಟೇಬಲ್ ಮೋಟುಂ ಛೇ” ಎನ್ನುತ್ತಿದ್ದಳು. ಚಿಕ್ಕಮ್ಮಾ, ನಮ್ಮ ಮನೆಯಲ್ಲಿ ಟೇಬಲ್ಲು ದೊಡ್ಡದಿದೆ ಅಂತ. ಯಾವ ಮನೆ? ಅವರ ಮನೆ! ‘ತಮಾರಾ’ ಅನ್ನಬಹುದಿತ್ತು, ನಿಮ್ಮ ಮನೆ ಎಂದು. ಅನ್ನಲಿಲ್ಲ. ‘ಆಪಣಾ’ ಎಂದಳು. ನನ್ನ ಮಗಳು ಆ ಮನೆಯ ‘ನಮ್ಮ’ದೊಳಗೆ ಹೋಗಿ ಕಾಲು ಚಾಚಿ ಕೂತಿದ್ದಾಳೆ, ನಾನು ಹೊರಗೆ ಬೀಗದ ಕೈ ಹಿಡಿದು ನಿಂತಿದ್ದೇನೆ. ಆ ರಾತ್ರಿ ಹುಳಿ ಖಾರ ಎಂದು ತಟ್ಟೆ ಸರಿಸಿದೆ. ವಿಮಲಾ ಹುಳಿ ರುಚಿ ನೋಡಿ, “ಖಾರ ಹುಳಿಯಲ್ಲಿಲ್ಲ. ನಿಮ್ಮ ಹೊಟ್ಟೆ ಮೇಲೆ ಹೆಂಚಿಟ್ರೆ ರೊಟ್ಟಿ ಬೇಯುತ್ತೆ” ಎಂದಳು.

ಹೊಟ್ಟೆಕಿಚ್ಚಿನವನಿಗೂ ದೇವರು ಒಂದು ದಿನ ಕಣ್ಣು ಬಿಡುತ್ತಾನೆ. ನನಗೆ ಬಿಟ್ಟದ್ದು ಒಂದು ಮಂಗಳವಾರ. ಚಿತ್ರಾ ಊಟ ಮಾಡುತ್ತ, “ಮಾಸಿ ಹೇಳಿದ್ರು, ರೆಸಿಸ್ಟೆನ್ಸ್ ಕಮ್ಮಿ ಮಾಡಿದ್ರೆ ಹೀಟರ್ ಜಾಸ್ತಿ ಕಾಯುತ್ತಂತೆ” ಎಂದಳು. ನನ್ನ ಕಿವಿ ನೆಟ್ಟಗಾಯಿತು. ರೋಧ ಕಡಿಮೆಯಾದರೆ ಕಾವು ಜಾಸ್ತಿಯೇ? ರೋಧ ಇರುವುದರಿಂದಲೇ ಅಲ್ಲವೇ ಕಾವು?

“ತಪ್ಪು!” ಎಂದೆ. ಎಷ್ಟು ಸಂತೋಷದಿಂದ ಎಂದೆನೆಂದರೆ ಕೈಲಿದ್ದ ಹಪ್ಪಳ ಮುರಿಯಿತು. “ಇಸ್ತ್ರಿಪೆಟ್ಟಿಗೆ ನೋಡು. ವೈರಲ್ಲೂ ಅದೇ ಕರೆಂಟು, ಒಳಗಿನ ತಂತೀಲೂ ಅದೇ ಕರೆಂಟು. ವೈರಿಗೆ ರೋಧ ಕಮ್ಮಿ, ತಣ್ಣಗಿರುತ್ತೆ. ಒಳಗಿನ ತಂತಿಗೆ ರೋಧ ಜಾಸ್ತಿ, ಅದು ಕಾಯುತ್ತೆ. ಇಷ್ಟೂ ಗೊತ್ತಿಲ್ವಾ ನಿಮ್ಮ ಮಾಸಿಗೆ?”

“ಮಾಸಿ ದಿನಾ ಅದೇ ಕೆಲಸ ಮಾಡೋರು ಅಪ್ಪ.”

“ದಿನಾ ಮಾಡಿದ್ರೆ? ತಪ್ಪು ತಪ್ಪೇ.”

ಅವಳು ತಟ್ಟೆಯಿಂದ ತಲೆ ಎತ್ತಿ ನನ್ನನ್ನು ನೋಡಿದಳು. “ನಿಂಗೆ ಮಾಸಿ ಕಂಡ್ರೆ ಆಗಲ್ಲ. ನಾನು ಅಲ್ಲಿ ಖುಷಿಯಾಗಿದ್ರೆ ನಿಂಗೆ ಆಗಲ್ಲ” ಎಂದಳು. ಕನ್ನಡದಲ್ಲೇ ಎಂದಳು. ಅಷ್ಟು ಅಚ್ಚುಕಟ್ಟಾದ ಕನ್ನಡ ಅವಳ ಬಾಯಲ್ಲಿ ಕೇಳಿ ಬಹಳ ದಿನವಾಗಿತ್ತು. ಕೈ ತೊಳೆದುಕೊಂಡು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಸಂಜೆ ಬಂದರೆ ಚಪ್ಪಲಿ ನಮ್ಮ ಬಾಗಿಲ ಮುಂದಿತ್ತು. ನನ್ನ ಆಸೆ ತೀರಿತು ಅನ್ನಿ. ಒಳಗೆ ಹೋಗಿ, “ಪಾಠ ಮಾಡೋಣ್ವಾ ಪುಟ್ಟಿ?” ಎಂದೆ. “ನೋ, ಐ ಆಮ್ ಫೈನ್” ಎಂದಳು. ಅಲ್ಲಿಗೂ ಹೋಗುವುದಿಲ್ಲ, ಇಲ್ಲಿಗೂ ಬರುವುದಿಲ್ಲ. ವಿಜ್ಞಾನದ ಪುಸ್ತಕ ಸೋಫಾದ ಮೇಲೆ ಬೋರಲು ಬಿದ್ದಿತ್ತು. ಪಕ್ಕದ ಮನೆಯ ಪಾಲನ್ನು ಕಿತ್ತುಕೊಂಡರೆ ಅದು ನನ್ನ ಪಾಲಿಗೆ ಬರುತ್ತದೆಂದು ಲೆಕ್ಕ ಹಾಕಿದ್ದೆ. ಅದು ಯಾರ ಪಾಲಿಗೂ ಬರಲಿಲ್ಲ. ಬ್ಯಾಂಕಿನವನಾಗಿ ಇಂಥ ಲೆಕ್ಕ ಹೇಗೆ ತಪ್ಪಿದೆನೋ ಕಾಣೆ. ಮನೆ ಎಷ್ಟು ಸುಮ್ಮನಿತ್ತೆಂದರೆ ಫ್ರಿಜ್ಜು ಗೊಣಗುವುದು ಕೇಳುತ್ತಿತ್ತು. ನನಗೆ ಹೆದರಿಕೆಯಾಯಿತು.

ಹೆದರಿಕೆಯಾದಾಗಲಾದರೂ ನಾನು ತೆಪ್ಪಗಿರಬೇಕಿತ್ತು. ಇರಲಿಲ್ಲ. ಹಂಸಾಬೆನ್ ಅವರನ್ನೇ ಕರೆಸಿ, ಮಗಳ ಎದುರಿಗೆ ಸತ್ಯ ತೋರಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನಿಸಿತು. ಭಾನುವಾರ ತಿಂಡಿಗೆ ಅಕ್ಕಿರೊಟ್ಟಿ ಮಾಡುತ್ತೇನೆ, ಬರಲಿ ಎಂದು ವಿಮಲಾ ಹೇಳಿಕಳಿಸಿದಳು. ನಾನು ಹಳೇ ಪೇಟೆಯ ಅಂಗಡಿಗಳಲ್ಲಿ ಅಲೆದು, ಈಗ ಯಾರೂ ಕೊಳ್ಳದ ತಂತಿ ಬಲ್ಬು ಎರಡು ಸಂಪಾದಿಸಿದೆ. ಒಂದು ನಲವತ್ತು ವ್ಯಾಟಿನದು, ಒಂದು ನೂರರದು. ಸಣ್ಣ ಬಲ್ಬಿಗೇ ರೋಧ ಹೆಚ್ಚು. ಎರಡನ್ನೂ ಹಲಗೆಯ ಮೇಲೆ ಒಂದರ ಹಿಂದೊಂದು, ಪಾಠದಲ್ಲಿ ಸರಣಿ ಜೋಡಣೆ ಅನ್ನುತ್ತಾರಲ್ಲ, ಹಾಗೆ ಜೋಡಿಸಿದೆ. ರೊಟ್ಟಿ ಮುಗಿದ ಮೇಲೆ ಪರದೆ ಎಳೆದು, ಮದುವೆಮನೆಯ ಮೈಕಿನವನ ಗತ್ತಿನಲ್ಲಿ ಸ್ವಿಚ್ಚು ಹಾಕಿದೆ.

ಸಣ್ಣ ಬಲ್ಬು ಬೆಳಗಿತು. ದೊಡ್ಡದರೊಳಗೆ ಕೆಂಪು ದಾರದಷ್ಟು ಮಿಣುಕು, ಅಷ್ಟೇ. “ನೋಡಿದ್ರಾ? ರೋಧ ಯಾವುದಕ್ಕೆ ಜಾಸ್ತಿಯೋ ಅದೇ ಜಾಸ್ತಿ ಕಾಯೋದು!” ಎಂದೆ. ಚಿತ್ರಾ ಮೂಲೆಯಲ್ಲಿ ಮೊಣಕಾಲು ತಬ್ಬಿ ಕೂತಿದ್ದಳು. ನನ್ನನ್ನು ನೋಡಲಿಲ್ಲ, ಹಂಸಾಬೆನ್ ಮುಖ ನೋಡಿದಳು. ಅವರಿಗೆಲ್ಲಿ ಅವಮಾನವಾಗುತ್ತದೋ ಎಂದು ಅವಳ ಕಣ್ಣು ತುಂಬಿತ್ತು. ಗೆದ್ದೆ ಅಂದುಕೊಂಡಿದ್ದ ನಾನು ಸ್ವಿಚ್ಚಿನ ಮೇಲಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡೆ.

ಹಂಸಾಬೆನ್ ಚಪ್ಪಾಳೆ ತಟ್ಟಿದರು. “ಅರೇ ವಾಹ್, ಭಾಯಿ! ಕಾಲೇಜು ಬಿಟ್ಟ ಮೇಲೆ ಇದನ್ನು ನೋಡೇ ಇರಲಿಲ್ಲ. ಸರಿಯಾಗಿದೆ, ನೂರಕ್ಕೆ ನೂರು. ಈಗ ಪ್ಲಗ್ಗು ತೆಗೀರಿ, ಪಕ್ಕಪಕ್ಕ ಜೋಡಿಸೋಣ” ಎಂದು ಸೆರಗು ಸಿಕ್ಕಿಸಿ ನೆಲದ ಮೇಲೆ ಕೂತೇಬಿಟ್ಟರು. ಬಲ್ಬು ಆರಿಸಿ, ವೈರು ಬಿಚ್ಚಿ, ಎರಡಕ್ಕೂ ಬೇರೆಬೇರೆ ದಾರಿ ಮಾಡಿಕೊಟ್ಟರು. ನಾನೇ ಮತ್ತೆ ಸ್ವಿಚ್ಚು ಹಾಕಿದೆ. ನೂರರ ಬಲ್ಬು ಕಣ್ಣು ಕೋರೈಸಿತು. ನಲವತ್ತರದು ಅದರ ಮುಂದೆ ಸಾಧಾರಣ. ರೋಧ ಯಾವುದಕ್ಕೆ ಕಡಿಮೆಯೋ ಅದೇ ಜಾಸ್ತಿ ಉರಿಯುತ್ತಿತ್ತು.

ಮಾತು ಹೊರಟದ್ದು ಮೂಲೆಯಿಂದ. “ಒಂದ್ನಿಮಿಷ, ಒಂದ್ನಿಮಿಷ!” ಎಂದು ಚಿತ್ರಾ ಎದ್ದು ಬಂದಳು. “ಹಿಂದೆಮುಂದೆ ಇದ್ರೆ ಎರಡಕ್ಕೂ ಕರೆಂಟ್ ಒಂದೇ. ಆಗ ಯಾವುದಕ್ಕೆ ರೋಧ ಜಾಸ್ತಿಯೋ ಅದು ಜಾಸ್ತಿ ಕಾಯುತ್ತೆ. ಪಕ್ಕಪಕ್ಕ ಇದ್ರೆ ಎರಡಕ್ಕೂ ವೋಲ್ಟೇಜ್ ಒಂದೇ. ಆಗ ರೋಧ ಕಮ್ಮಿ ಇರೋದು ಜಾಸ್ತಿ ಕರೆಂಟ್ ಎಳ್ಕೊಳುತ್ತೆ, ಅದು ಜಾಸ್ತಿ ಕಾಯುತ್ತೆ. ಅಪ್ಪಾ, ನೀನೂ ಸರಿ, ಮಾಸೀನೂ ಸರಿ! ಇಬ್ರೂ ಅರ್ಧರ್ಧ ಹೇಳ್ತಾ ಇದ್ರಿ!”

ನಾನು ಕೇಳಿದ್ದು ವಿಜ್ಞಾನವನ್ನಲ್ಲ. ‘ರೋಧ’ ಎಂದಳಲ್ಲ, ಅದನ್ನು. ರೆಸಿಸ್ಟೆನ್ಸ್ ಅನ್ನಲಿಲ್ಲ. ನಾನು ಮೋಟು ಪೆನ್ಸಿಲಿನಲ್ಲಿ ಬರೆದುಕೊಟ್ಟ ಪದ ಅವಳೊಳಗೆ ಎಲ್ಲೋ ಇಷ್ಟು ದಿನ ಸದ್ದಿಲ್ಲದೆ ಕೂತಿತ್ತು.

“ಕಾಯುತ್ತೆ, ಕಾಯುತ್ತೆ ಅಂತ ಅಪ್ಪ ಮಗಳು ಇಬ್ಬರೂ ಅಂತೀರಲ್ಲ, ಏನದು?” ಎಂದು ಹಂಸಾಬೆನ್ ಕೇಳಿದರು. ಚಿತ್ರಾ ಅವರ ಪಕ್ಕ ಕೂತು ಗುಜರಾತಿಯಲ್ಲಿ ಶುರುಮಾಡಿದಳು. “ಮಾಸೀ, ಅಮಾರಾ ಕನ್ನಡ್‌ಮಾಂ...” ನಮ್ಮ ಕನ್ನಡದಲ್ಲಿ ಅದಕ್ಕೆ ಮೂರು ಅರ್ಥ. ಬಿಸಿಯಾಗುವುದು ಒಂದು, ದಾರಿ ನೋಡುವುದು ಒಂದು, ಕಾವಲಿರುವುದು ಒಂದು. ಚಿಕ್ಕವಳಿದ್ದಾಗ ‘ನೀರು ಕಾಯ್ತಾ ಇದೆ’ ಅಂದರೆ ‘ಯಾರಿಗೆ’ ಅಂತ ಕೇಳಿದ್ದೆ.

ಅವಳು ಏನೇನೋ ಹೇಳುತ್ತ ಹೋದಳು. ನಾನು ಮೊದಲ ಮಾತಿನಲ್ಲೇ ನಿಂತುಬಿಟ್ಟಿದ್ದೆ. ಅಮಾರಾ! ಆಪಣಾ ಅಲ್ಲ, ಅಮಾರಾ. ಮಾಸಿಯನ್ನು ಹೊರಗಿಟ್ಟು, ನನ್ನನ್ನೂ ವಿಮಲಳನ್ನೂ ಒಳಗೆ ಸೇರಿಸಿಕೊಂಡು, ಬಾಗಿಲು ಹಾಕಿಕೊಂಡ ‘ನಮ್ಮ’. ಒಂದು ಪದದ ವ್ಯತ್ಯಾಸಕ್ಕೆ ಗಂಡಸೊಬ್ಬ ಕಣ್ಣು ಒರೆಸಿಕೊಂಡರೆ ಚೆನ್ನಾಗಿರುವುದಿಲ್ಲವೆಂದು, ಬಲ್ಬಿನ ಬೆಳಕು ಕಣ್ಣಿಗೆ ಹೊಡೆಯುತ್ತದೆ ಎಂದು ನೆಪ ಹೇಳಿದೆ. ಎಷ್ಟು ತಿಂಗಳಿನಿಂದ ಈ ಒಂದು ಮಾತಿಗೆ ಕಾದಿದ್ದೆ! ಮೂರೂ ಅರ್ಥದಲ್ಲಿ ಕಾದಿದ್ದೆ.

ಸುಖ ಒಂದು ಗುಟುಕು ಕಾಫಿಯಷ್ಟು ಹೊತ್ತು ಇತ್ತು. “ಸರಿ ಸರಿ, ಆಪಣಾ ಕನ್ನಡ್‌ಮಾಂ ಬೀಜುಂ ಶುಂ ಶುಂ ಛೇ?” ಎಂದರು ಹಂಸಾಬೆನ್. ನಮ್ಮ ಕನ್ನಡದಲ್ಲಿ ಇನ್ನೂ ಏನೇನಿದೆ ಅಂತ. ನೋಡಿ, ಸಿಕ್ಕಿದ್ದ ಒಂದೇ ಒಂದು ‘ಅಮಾರಾ’ವನ್ನೂ ಆ ಹೆಂಗಸು ‘ಆಪಣಾ’ ಮಾಡಿಕೊಂಡುಬಿಟ್ಟರು! ಕನ್ನಡಕ್ಕೂ ಪಾರ್ಟ್‌ನರ್‌ಶಿಪ್ಪು. ನಾನು ಉರಿಯಲು ಸಿದ್ಧನಾದೆ. ಅಷ್ಟರಲ್ಲಿ ಚಿತ್ರಾ ಬಟ್ಟೆ ಹಿಡಿದು ನೂರರ ಬಲ್ಬನ್ನು ಹೋಲ್ಡರಿನಿಂದ ಬಿಚ್ಚಿದಳು. “ಅಪ್ಪಾ, ಇಲ್ನೋಡು” ಎಂದಳು. ನಲವತ್ತರ ಬಲ್ಬು ಮೊದಲು ಹೇಗಿತ್ತೋ ಹಾಗೇ ಉರಿಯುತ್ತಿತ್ತು. ಮತ್ತೆ ಹಾಕಿದಳು, ಆಗಲೂ ಹಾಗೇ. “ಪಕ್ಕದ್ದು ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ. ಇದಕ್ಕೆ ಬರೋ ಕರೆಂಟ್ ಇದಕ್ಕೆ ಬಂದೇ ಬರುತ್ತೆ” ಎಂದಳು. ಪಾಠ ಒಪ್ಪಿಸಿದಳೋ, ನನಗೇ ಹೇಳಿದಳೋ, ಹತ್ತನೇ ಕ್ಲಾಸಿನ ಮುಖ ನೋಡಿ ತಿಳಿಯುವುದು ಕಷ್ಟ.

ನಾನೋ, ಇಷ್ಟು ದಿನ ಮಗಳನ್ನು ಹಿಂದೆಮುಂದಿನ ಜೋಡಣೆ ಎಂದು ತಿಳಿದಿದ್ದೆ. ನಡುವೆ ಇನ್ನೊಂದು ಬಲ್ಬು ಸೇರಿದರೆ ನಾನು ಮಂಕಾಗುತ್ತೇನೆ ಎಂದು. ಅದನ್ನು ಕಿತ್ತುಹಾಕಿದಾಗ ನಾನೂ ಆರಿಹೋದೆನಲ್ಲ, ಆಗಲೂ ತಿಳಿಯಲಿಲ್ಲ. ಮನೆ ಕಟ್ಟುವವರು ಎಲ್ಲ ದೀಪಗಳನ್ನೂ ಪಕ್ಕಪಕ್ಕದ ದಾರಿಯಲ್ಲೇ ಯಾಕೆ ಜೋಡಿಸುತ್ತಾರೆಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವನು ನಾನು.

ಹಂಸಾಬೆನ್ ಬಿಡಲಿಲ್ಲ. ಇನ್ನೊಂದು ಪದ ಹೇಳಿ, ಇನ್ನೊಂದು ಹೇಳಿ ಎಂದು ಕೂತರು. ವಿಮಲಾ ಕಾಫಿ ಲೋಟ ತೆಗೆಯುತ್ತ, ನನ್ನನ್ನೇ ನೋಡುತ್ತ, “ಹೊಟ್ಟೆಕಿಚ್ಚು ಅಂತ ಒಂದಿದೆ. ನಮ್ಮ ಮನೆಯವರಿಗೆ ಅದರ ಅರ್ಥ ಚೆನ್ನಾಗಿ ಗೊತ್ತು” ಎಂದಳು. ಚಿತ್ರಾ ಅಕ್ಷರಕ್ಕಕ್ಷರ ತಿರುಗಿಸಿದಳು. “ಪೇಟ್‌ಮಾಂ ಆಗ್. ಪಪ್ಪಾನೇ ಛೇ.” ಹೊಟ್ಟೆಯಲ್ಲಿ ಬೆಂಕಿ, ಅಪ್ಪನಿಗಿದೆ ಅಂತ.

ಹಂಸಾಬೆನ್ ಮುಖದ ನಗು ತಟ್ಟನೆ ಹೋಯಿತು. “ಅರೆರೆ! ಅಸಿಡಿಟಿಯಾ? ಎಷ್ಟು ದಿನದಿಂದ? ಮೊದಲೇ ಹೇಳಬಾರದಾ ಭಾಯಿ? ನೀವು ಸೌತಿನವರು ಹುಳಿ ಖಾರ ಬಹಳ ತಿಂತೀರಿ” ಎಂದರು. ವಿಮಲಾ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ನಾನು ಏನು ಹೇಳಲಿ? ಬಹಳ ದಿನದಿಂದ ಇದೆ, ಸಂಜೆ ಹೊತ್ತು ಜಾಸ್ತಿ ಎಂದೆ. ಸುಳ್ಳೇನಲ್ಲವಲ್ಲ.

ಅಂದಿನಿಂದ ದಿನಾ ಸಂಜೆ ಅವರ ಮನೆಯಲ್ಲಿ ನನಗೆಂದು ಒಂದು ಲೋಟ ಮಜ್ಜಿಗೆ ಎತ್ತಿಟ್ಟಿರುತ್ತದೆ. ಪುದೀನ ಅರೆದು, ಹುರಿದ ಜೀರಿಗೆ ಪುಡಿ ಉದುರಿಸಿದ್ದು. ಪಾಠ ಈಗ ಎರಡೂ ಮನೆಯಲ್ಲಿ ನಡೆಯುತ್ತದೆ, ಅವರು ಗರಬಾ ಆಡಿಸುತ್ತಾರೆ, ನಾನು ವಿಭವಾಂತರನನ್ನು ಕರೆತರುತ್ತೇನೆ. ಹೊಟ್ಟೆಕಿಚ್ಚು ಪೂರ್ತಿ ಆರಿತೇ ಎಂದು ಕೇಳಬೇಡಿ. ನಿಕ್ರೋಮು ಇದ್ದಕ್ಕಿದ್ದಂತೆ ತಾಮ್ರವಾಗುವುದಿಲ್ಲ. ನಿನ್ನೆ ಸಂಜೆಯೂ ನಾನು ಬೀಗದ ಕೈ ಹಿಡಿದು ಆ ನೀಲಿ ಪಟ್ಟಿಯ ಚಪ್ಪಲಿಗಳನ್ನು ನೋಡುತ್ತ ನಿಂತಿದ್ದೆ. ಪಕ್ಕದ ಮನೆಯ ಬಾಗಿಲು ತೆರೆಯಿತು. ಚಿತ್ರಾ ತಲೆ ಹೊರಗೆ ಹಾಕಿದಳು.

“ಅಪ್ಪಾ, ಬಾ. ಮಜ್ಜಿಗೆ ಕಾಯ್ತಾ ಇದೆ.”

“ಯಾರಿಗೆ?” ಎಂದೆ.

“ನಿನ್ನ ಹೊಟ್ಟೆಗೆ” ಎಂದು ನಕ್ಕಳು.

ಬೀಗದ ಕೈ ಜೇಬಿಗೆ ಹಾಕಿ, ನೀಲಿ ಪಟ್ಟಿಯ ಚಪ್ಪಲಿಗಳ ಪಕ್ಕದಲ್ಲಿ ನನ್ನ ಬೂಟು ಬಿಟ್ಟು ಒಳಗೆ ಹೋದೆ. ಇನ್ನು ಹೊಟ್ಟೆ ಉರಿದುಕೊಳ್ಳುವುದಿದ್ದರೆ, ಆ ಎರಡು ಜೊತೆಯನ್ನೂ ನೋಡಿ ವಿಮಲಾ ಉರಿದುಕೊಳ್ಳಲಿ.